ದೀಪ ಹಚ್ಚಲು ಮನಸ್ಸು ಬಾರದ ದಿನಗಳಲ್ಲಿ

ಪ್ರಶ್ನೆ: ಸಿರಸಿ ತಾಲೂಕಿನ ಒಂದು ಹಳ್ಳಿ ನಮ್ಮದು. ಒಂದೂವರೆ ಎಕರೆ ಅಡಿಕೆ ತೋಟ. ಎರಡು ವರ್ಷ ಸಾಲಾಗಿ ಕೊಳೆರೋಗ ಬಂದು ಅಡಿಕೆ ಅರ್ಧಕ್ಕಿಂತ ಹೆಚ್ಚು ಉದುರಿತು, ಸೊಸೈಟಿ ಸಾಲ ಹಾಗೇ ಉಳಿದಿದೆ. ಕಳೆದ ಆಷಾಢದಲ್ಲಿ ಯಜಮಾನರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಮದುವೆಯಾಗಿ ಬಂದ ದಿನದಿಂದ ದೇವರ ದೀಪ ತಪ್ಪಿಸಿದವಳಲ್ಲ ನಾನು. ಈಗ ದೀಪದ ಮುಂದೆ ಕೂತರೆ ಏನೂ ಅನಿಸುವುದಿಲ್ಲ. ‘ಯಾವ ಜನ್ಮದ ಪಾಪವೋ’ ಅನ್ನುತ್ತಾರೆ ಅತ್ತೆ. ಜಾತಕ ನೋಡಿದವರೊಬ್ಬರು ನಾಗದೋಷವಿದೆ ಎಂದು 65 ಸಾವಿರ ರೂಪಾಯಿಯ ಶಾಂತಿ ಹೇಳಿದ್ದಾರೆ. ಪರಿಚಯದವರು ಮಾತ್ರೆ ಬಿಡಿಸಿ ನಾಟಿ ಔಷಧಿ ಕೊಡಿಸಿ, ದೇವರಿದ್ದಾನೆ ಅನ್ನುತ್ತಾರೆ. ಇವರು ಎದ್ದು ನಡೆದರೆ ಮಾರಿಕಾಂಬೆಗೆ ಬೆಳ್ಳಿಯ ಕಾಲು ಒಪ್ಪಿಸುತ್ತೇನೆಂದು ಹರಕೆ ಹೊತ್ತಿದ್ದೆ. ಈಗ ಕೋಲು ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾರೆ, ಬೆಳ್ಳಿಗೆ ದುಡ್ಡಿಲ್ಲ. ನನಗೆ ನಂಬಿಕೆಯೇ ಹೋಯಿತೇ? ಇದನ್ನೆಲ್ಲ ಹೇಗೆ ತಾಳಿಕೊಳ್ಳಲಿ?

ಉತ್ತರ: ಪೂಜೆಯ ಕೊನೆಗೆ ಹೇಳುವ ಕ್ಷಮಾಪಣೆಯ ಶ್ಲೋಕ ನಿಮಗೆ ಬಾಯಿಪಾಠ ಇದ್ದೇ ಇರುತ್ತದೆ. ‘ಮಂತ್ರಹೀನಂ ಕ್ರಿಯಾಹೀನಂ ಭಕ್ತಿಹೀನಂ ಜನಾರ್ದನ’. ಮಂತ್ರ ತಪ್ಪಿರಬಹುದು, ಕ್ರಮ ತಪ್ಪಿರಬಹುದು, ಭಕ್ತಿಯೇ ಇರಲಿಲ್ಲದಿರಬಹುದು, ನಾನು ಮಾಡಿದ ಈ ಪೂಜೆ ಪರಿಪೂರ್ಣವಾಗಲಿ ಎಂದು ಅದರ ಅರ್ಥ. ಇಷ್ಟು ವರ್ಷ ದಿನವೂ ಇದನ್ನು ಹೇಳಿ ಪೂಜೆ ಮುಗಿಸಿದ್ದೀರಿ. ಮೂರನೆಯ ಮಾತನ್ನು ಗಮನಿಸಿ. ಭಕ್ತಿಯಿಲ್ಲದೆ ಮಾಡಿದ ಪೂಜೆಯೂ ಇರುತ್ತದೆ, ಅದನ್ನೂ ಒಪ್ಪಿಸಬಹುದು ಎಂದು ಪೂಜಾವಿಧಿಗೆ ಮೊದಲೇ ಗೊತ್ತು. ದೀಪದ ಮುಂದೆ ಏನೂ ಅನಿಸದೆ ಕೂತಿರುವುದಕ್ಕೆ ಶಾಸ್ತ್ರದ ಒಳಗೇ ಜಾಗವಿದೆ. ನಂಬಿಕೆ ಹೋಗಿದ್ದರೆ ಕೂರುತ್ತಲೇ ಇರಲಿಲ್ಲ, ಹೋಯಿತೇ ಎಂದು ಸಂಕಟಪಟ್ಟು ಬರೆಯುತ್ತಲೂ ಇರಲಿಲ್ಲ. ಹೋಗಿರುವುದು ಮನಸ್ಸಿನ ತ್ರಾಣ. ತಿಂಗಳುಗಟ್ಟಲೆ ರೋಗಿಯ ಮಗ್ಗುಲು ತಿರುಗಿಸಿ, ರಾತ್ರಿ ಮೂರು ಸಲ ಎದ್ದು, ಹಗಲು ಸಾಲದ ಲೆಕ್ಕ ಹಾಕುವವರಿಗೆ ದೇವರ ಮುಂದೆ ಮಾತ್ರ ಕಣ್ಣು ತುಂಬಿ ಬರಬೇಕೆಂದರೆ ಎಲ್ಲಿಂದ ಬರಬೇಕು?

ನಿಮ್ಮ ಪತ್ರದಲ್ಲಿ ನಂಬಿಕೆ ಎಂಬ ಒಂದೇ ಮಾತು ಮೂರು ಬೇರೆ ಬೇರೆ ಅರ್ಥದಲ್ಲಿ ಓಡಾಡುತ್ತಿದೆ. ನಂಬಿದವರಿಗೆ ಕಷ್ಟ ಬರಬಾರದು ಎಂಬುದು ಒಂದು. ನಂಬಿದರೆ ಮಾತ್ರೆ ಬೇಡ ಎಂಬುದು ಇನ್ನೊಂದು. ಖರ್ಚು ಮಾಡಿದಷ್ಟು ನಂಬಿಕೆ ಎಂಬುದು ಮೂರನೆಯದು. ಈ ಮೂರನ್ನೂ ನಮ್ಮ ಗ್ರಂಥಗಳು ಹೇಳುವುದಿಲ್ಲ. ಹೇಳುವುದನ್ನು ಅರ್ಥ ಮಾಡಿಕೊಳ್ಳಲು ಗೀತೆಯ 18ನೇ ಅಧ್ಯಾಯದ 14ನೇ ಶ್ಲೋಕಕ್ಕಿಂತ ನೇರವಾದ ದಾರಿ ಕಾಣುವುದಿಲ್ಲ. ಪಾರಾಯಣದಲ್ಲಿ ಇದು ಸುಮ್ಮನೆ ದಾಟಿ ಹೋಗುವ ಶ್ಲೋಕ, ಪ್ರವಚನಗಳಲ್ಲೂ ಅಪರೂಪ. ಯಾವ ಕೆಲಸ ಆಗುವುದಕ್ಕೂ ಐದು ಕಾರಣ ಎನ್ನುತ್ತದೆ ಅದು: ಅಧಿಷ್ಠಾನ, ಕರ್ತಾ, ಕರಣ, ಚೇಷ್ಟಾ, ಐದನೆಯದು ದೈವ. ನಿಂತ ನೆಲೆ, ಮಾಡುವವರು, ಸಲಕರಣೆ, ಬಗೆಬಗೆಯ ಪ್ರಯತ್ನ, ಆಮೇಲೆ ದೈವ. ಐದನೆಯದಕ್ಕೆ ಶಂಕರರು ಇಂದ್ರಿಯಗಳ ಅಧಿದೇವತೆಗಳೆಂದೂ ರಾಮಾನುಜರು ಪರಮಾತ್ಮನೆಂದೂ ಅರ್ಥ ಮಾಡುತ್ತಾರೆ. ಉಳಿದ ನಾಲ್ಕನ್ನು ಲೆಕ್ಕದಿಂದ ತೆಗೆಯಿರಿ ಎಂದು ಮಾತ್ರ ಯಾರೂ ಹೇಳಿಲ್ಲ.

ಇದನ್ನು ತೋಟಕ್ಕೆ ಹಚ್ಚಿ ನೋಡಿ. ಶ್ಲೋಕ ಮೂಲದಲ್ಲಿ ದೇಹ, ಇಂದ್ರಿಯಗಳ ಬಗ್ಗೆಯೇ ಇದ್ದರೂ ತೋಟಕ್ಕೆ ಸರಿಯಾಗಿ ಕೂರುತ್ತದೆ. ಅಧಿಷ್ಠಾನ ಎಂದರೆ ನಿಮ್ಮ ತೋಟ: ಬಸಿಗಾಲುವೆ ಹೂಳು ತುಂಬಿದೆಯೋ, ಗಾಳಿ ಬೆಳಕು ಆಡುತ್ತದೆಯೋ, ಹಿಂದಿನ ವರ್ಷದ ಕೊಳೆತ ಕೊನೆ, ಅಂದರೆ ಅಡಿಕೆ ಗೊನೆ, ಮರದ ಮೇಲೇ ಒಣಗಿ ನಿಂತಿದೆಯೋ. ಕರ್ತೃ ನೀವು, ಮತ್ತೆ ಮರ ಹತ್ತಿ ಮದ್ದು ಹೊಡೆಯುವ ನಿಮ್ಮ ಕೊನೆಗೌಡ. ಕರಣ ಎಂದರೆ ಕೊಳೆಗೆ ಹೊಡೆಯುವ ಬೋರ್ಡೋ ಮದ್ದು: ನೂರು ಲೀಟರು ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು, ಹಿಂದುಮುಂದು ಮಾಡಬಾರದು. ಕಲಸಿದ ಮೇಲೆ ಸಾಣೆ ಹಿಡಿದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಅದನ್ನು ಹಾಗೇ ಹೊಡೆದರೆ ಮಿಳ್ಳೆಯೂ (ಎಳೆಗಾಯಿ) ಎಲೆಯೂ ಸುಡುತ್ತದೆ. ಕೆಂಪು ಕೂರದಾಗುವ ತನಕ ಸುಣ್ಣದ ನೀರು ಸೇರಿಸುತ್ತ ಹೋಗಬೇಕು. ಕಲಸಿದ ಮದ್ದು ಅದೇ ದಿನ ಮುಗಿಯಬೇಕು. ಚೇಷ್ಟೆ ಎಂದರೆ ಹೊತ್ತು: ಮೊದಲ ಮದ್ದು ಮಳೆ ಹಿಡಿಯುವ ಮೊದಲು, ಎರಡನೆಯದು 40ರಿಂದ 45 ದಿನಕ್ಕೆ, ಮಳೆ ಎಳೆದರೆ ಮೂರನೆಯದು. ದೈವ ಎಂದರೆ ಆಷಾಢದಲ್ಲಿ ಹದಿನೈದು ದಿನ ಹೊಳವೇ ಆಗದೆ, ಬಿಡುವೇ ಕೊಡದೆ ಹೊಯ್ಯುವ ಮಳೆ.

ಕತ್ತಿಯ ಮೇಲೆ ಕೆಂಪು ಕಂಡ ಮೇಲೂ ಅದೇ ಮದ್ದು ಹೊಡೆಸಿ ‘ದೇವರು ನೋಡಿಕೊಳ್ಳುತ್ತಾನೆ’ ಅಂದರೆ ಅದು ನಂಬಿಕೆಯಲ್ಲ, ನಮ್ಮ ಪಾಲಿನ ಕೆಲಸವನ್ನು ದೇವರ ತಲೆಗೆ ಕಟ್ಟುವುದು. ಇದರ ತಿರುವೂ ಅಷ್ಟೇ ಕೆಟ್ಟದ್ದು. ಮೂರು ಮದ್ದೂ ಹೊತ್ತಿಗೆ ಸರಿಯಾಗಿ ಹೊಡೆಸಿ, ಕೊನೆಗಳಿಗೆ ಮಳೆ ತಾಗದಂತೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸಿ, ಆದರೂ ಕೊಳೆ ಬಂದಾಗ ‘ನನ್ನಿಂದಲೇ ಏನೋ ತಪ್ಪಾಗಿದೆ’ ಎಂದು ಕೊರಗುವುದು ಐದನೆಯ ಕಾರಣವನ್ನೂ ತನ್ನ ಹೆಗಲಿಗೆ ಹಾಕಿಕೊಳ್ಳುವುದು. ನಂಬಿಕೆಯ ಕೆಲಸವಿರುವುದು ಈ ಗೆರೆಯ ಮೇಲೆ. ನಾಲ್ಕನ್ನು ಕೈಬಿಡಬಾರದು, ಐದನೆಯದನ್ನು ಹಿಡಿದುಕೊಳ್ಳಬಾರದು. ಹೇಳಲು ಸುಲಭ, ದಿನನಿತ್ಯ ಮಾಡಲು ಕಷ್ಟ. ಅದಕ್ಕೇ ಮುಂದೆ ಒಂದು ಕ್ರಮ ಬರೆದಿದ್ದೇನೆ.

ಅದಕ್ಕಿಂತ ಮೊದಲು ಅತ್ತೆಯವರ ಮಾತು. ‘ಯಾವ ಜನ್ಮದ ಪಾಪವೋ’ ಎಂಬುದರಲ್ಲಿ ‘ಯಾವ’ ಎಂಬ ಶಬ್ದವೇ ಉತ್ತರ. ಕರ್ಮಸಿದ್ಧಾಂತವನ್ನು ಒಪ್ಪಿದವರಿಗೂ ಗೀತೆ 4ನೇ ಅಧ್ಯಾಯದ 17ನೇ ಶ್ಲೋಕದಲ್ಲಿ ಬೇಲಿ ಹಾಕಿದೆ: ‘ಗಹನಾ ಕರ್ಮಣೋ ಗತಿಃ’, ಕರ್ಮದ ನಡೆ ಕಾಡಿನಷ್ಟು ದಟ್ಟ. ಈ ರೋಗ ಇಂಥ ಪಾಪದ ಫಲ ಎಂದು ಬೆರಳಿಟ್ಟು ಹೇಳುವ ಅಧಿಕಾರ ನೆರೆಯವರಿಗೂ ಇಲ್ಲ, ಜಾತಕ ಹಿಡಿದವರಿಗೂ ಇಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದಾಗ ಕೆಳಗಿದ್ದದ್ದು ಒಂದು ಚಾದಂಗಡಿ, ನಿಂತ ಲಾರಿಗಳು. ಅಲ್ಲಿ ಚಾ ಕುಡಿಯಲು ಇಳಿದವರನ್ನೆಲ್ಲ ಪಾಪಿಗಳೆಂದು ಯಾರು ಅನ್ನುತ್ತಾರೆ? ಮಳೆ ಇತ್ತು, ರಸ್ತೆಗಾಗಿ ಕಡಿದ ಗುಡ್ಡವಿತ್ತು, ಆ ಗಳಿಗೆಯಲ್ಲಿ ಅವರು ಅಲ್ಲಿದ್ದರು. ಕರ್ಮದ ಮಾತು ತನ್ನ ನಡತೆಯನ್ನು ತಿದ್ದಿಕೊಳ್ಳಲು ಇದೆ, ಬಿದ್ದವರನ್ನು ಅಳೆಯಲು ಅಲ್ಲ. ಅತ್ತೆಯವರೊಂದಿಗೆ ವಾದಕ್ಕೆ ಹೋಗಬೇಡಿ. ಮಗ ಮಲಗಿದ್ದನ್ನು ನೋಡುವ ತಾಯಿ ಅವರು, ಆ ಸಂಕಟ ಬಾಯಿಯಿಂದ ಹೀಗೆ ಹೊರಬರುತ್ತದೆ. ಸಂಜೆ ಅರ್ಧ ಗಂಟೆ ಮಗನ ಕೈಬೆರಳು ಬಿಡಿಸಿ ಮಡಚುವ ವ್ಯಾಯಾಮವನ್ನು ಅವರಿಗೇ ವಹಿಸಿ. ಕೈಗೆ ಕೆಲಸ ಬಂದರೆ ಬಾಯಿ ತಾನಾಗಿ ಸುಮ್ಮನಾಗುವುದುಂಟು.

ಇನ್ನೊಂದು ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು: ‘ಕುಂತಿ ಕಷ್ಟವನ್ನೇ ಬೇಡಿದಳು, ನೀನೂ ಹಾಗಿರು’. ಭಾಗವತದ ಮೊದಲ ಸ್ಕಂಧದ 8ನೇ ಅಧ್ಯಾಯದಲ್ಲಿ ಕುಂತಿ ‘ವಿಪದಃ ಸಂತು’, ಆಪತ್ತುಗಳು ಬರುತ್ತಲೇ ಇರಲಿ, ಆಗ ನಿನ್ನ ದರ್ಶನವಾಗುತ್ತದೆ ಎಂದದ್ದು ನಿಜ. ಯಾವಾಗ ಎಂದಳು ಎಂಬುದನ್ನು ನೋಡಬೇಕು. ಅದರ ಹಿಂದಿನ ಶ್ಲೋಕದಲ್ಲೇ ಪಟ್ಟಿ ಇದೆ: ವಿಷ, ಬೆಂಕಿ, ನರಭಕ್ಷಕರು, ದುಷ್ಟರ ಸಭೆ, ವನವಾಸ, ಯುದ್ಧ, ಅಶ್ವತ್ಥಾಮನ ಅಸ್ತ್ರ. ಎಲ್ಲವೂ ಮುಗಿದು, ಕೃಷ್ಣ ದ್ವಾರಕೆಗೆ ಹೊರಟು ನಿಂತಾಗ ಹಿಂದಿರುಗಿ ನೋಡಿ ಆಡಿದ ಮಾತದು. ಅರಗಿನ ಮನೆ ಉರಿಯುವಾಗ ಆಕೆ ಹಾಗೆ ಪ್ರಾರ್ಥಿಸುತ್ತ ಕೂರಲಿಲ್ಲ, ಮಕ್ಕಳನ್ನು ಕರೆದುಕೊಂಡು ಸುರಂಗದಿಂದ ಹೊರಬಿದ್ದಳು. ನೀವು ಈಗ ಸುರಂಗದಲ್ಲಿದ್ದೀರಿ. ಕುಂತಿಯ ಸ್ತುತಿ ನಿಮ್ಮ ಬಾಯಲ್ಲಿ ಬರಬೇಕಾದ ಹೊತ್ತು ಇದಲ್ಲ.

ಈ ಹೊತ್ತಿಗೆ ಹೊಂದುವುದು ಗಜೇಂದ್ರನ ಕಥೆ, ಅದೇ ಭಾಗವತದ ಎಂಟನೇ ಸ್ಕಂಧ. ಮೊಸಳೆ ಕಾಲು ಹಿಡಿದ ಕೂಡಲೇ ಆನೆ ದೇವರನ್ನು ಕೂಗಲಿಲ್ಲ. ಸಾವಿರ ವರ್ಷ ಎಳೆದಾಡಿತು, ಜತೆಯ ಆನೆಗಳೂ ಹಿಡಿದೆಳೆದವು, ಆಗಲಿಲ್ಲ. ಬಲ ಸೋತ ಮೇಲೆ ಅದಕ್ಕೆ ನೆನಪಾದದ್ದು ಹಿಂದಿನ ಜನ್ಮದಲ್ಲಿ ಕಲಿತಿದ್ದ ಸ್ತೋತ್ರ. ಇದರಲ್ಲಿ ಎರಡು ಸಂಗತಿ ನಿಮಗೆ ಬೇಕಾದವು. ಮೊದಲು ಸ್ವಂತ ಬಲ, ಆಮೇಲೆ ಬಂಧುಗಳ ಬಲ, ಆಮೇಲೆ ಮೊರೆ ಎಂಬ ಕ್ರಮದಲ್ಲಿ ಅಶ್ರದ್ಧೆ ಏನೂ ಇಲ್ಲ. ಸೋತ ಹೊತ್ತಿಗೆ ಬಾಯಿಗೆ ಬಂದದ್ದು ಹೊಸದಾಗಿ ಹುಟ್ಟಿದ ಭಕ್ತಿಯೂ ಅಲ್ಲ, ಎಂದೋ ಬಾಯಿಪಾಠ ಮಾಡಿಟ್ಟದ್ದು. ನೀವು ಈಗ ಮನಸ್ಸಿಲ್ಲದೆ ಹೇಳುವ ನಾಮವೂ ಎಲ್ಲೋ ಜಮೆಯಾಗುತ್ತಿರುತ್ತದೆ. ಕೇಳಿಕೊಳ್ಳಲು ನಾಚಿಕೆಯೂ ಬೇಡ. ತನ್ನನ್ನು ಭಜಿಸುವ ನಾಲ್ಕು ಬಗೆಯವರನ್ನು ಎಣಿಸುವಾಗ ಕೃಷ್ಣ ಮೊದಲು ಹೆಸರಿಸುವುದು ಆರ್ತನನ್ನು, ನೊಂದು ಬಂದವನನ್ನು (ಗೀತೆ 7.16). ಎರಡು ಶ್ಲೋಕ ದಾಟಿ ‘ಇವರೆಲ್ಲರೂ ಉದಾರರೇ’ ಎನ್ನುತ್ತಾನೆ.

ತಾಳ್ಮೆಯ ವಿಷಯಕ್ಕೆ ಬರೋಣ. ‘ಬಂದು ಹೋಗುವಂಥವು, ಅನಿತ್ಯ, ಅವನ್ನು ತಾಳಿಕೋ’ ಎಂದು ಗೀತೆ 2.14 ಹೇಳುತ್ತದೆ. ಮೂಲದ ಶಬ್ದ ‘ತಿತಿಕ್ಷಸ್ವ’. ತಿತಿಕ್ಷೆಗೆ ವಿವೇಕಚೂಡಾಮಣಿ ಎಂಬ ವೇದಾಂತ ಗ್ರಂಥ ಕೊಡುವ ಲಕ್ಷಣದಲ್ಲಿ ಎರಡು ತುಂಡಿದೆ. ಒಂದು ‘ಅಪ್ರತೀಕಾರ’, ಎದುರುಪಾಯ ಹುಡುಕದಿರುವುದು. ಇನ್ನೊಂದು ‘ಚಿಂತಾವಿಲಾಪರಹಿತ’, ಚಿಂತೆ, ಪ್ರಲಾಪ ಇಲ್ಲದಿರುವುದು. ಮೊದಲನೆಯದು ಎಲ್ಲವನ್ನೂ ಬಿಟ್ಟು ಮೋಕ್ಷಕ್ಕೆ ಹೊರಟವರಿಗೆ ಹೇಳಿದ ಸಾಧನೆ. ಬಿ.ಪಿ. ಮಾತ್ರೆಯ ಮೇಲೆ ನಿಂತ ಗಂಡ, ಸೊಸೈಟಿಯ ಕಂತು, ಕೊಟ್ಟಿಗೆಯ ದನ ಇರುವ ಸಂಸಾರಕ್ಕೆ ಅದನ್ನು ತಂದು ಹಚ್ಚುವುದು ತಪ್ಪು, ಮಾತ್ರೆ ಬಿಡಿಸಿ ಎನ್ನುವವರು ಮಾಡುತ್ತಿರುವುದು ಇದನ್ನೇ. ಗೃಹಸ್ಥರು ಪ್ರತೀಕಾರವನ್ನು ಪೂರ್ತಿ ಮಾಡಬೇಕು, ಎರಡನೆಯ ತುಂಡನ್ನು ಮಾತ್ರ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಬೇಕು. ನಿಮ್ಮ ಊರಿನ ಹತ್ತಿರದ ಸೋದೆಯಲ್ಲಿ ನೆಲೆಸಿದ್ದ ವಾದಿರಾಜರು ‘ತಾಳುವಿಕೆಗಿಂತನ್ಯ ತಪವು ಇಲ್ಲ’ ಎಂದು ಹಾಡಿದ ಪದದಲ್ಲಿ ನೆಟ್ಟ ಸಸಿ ಫಲ ಬರುವ ತನಕ ತಾಳು ಎಂಬ ಮಾತೂ ಬರುತ್ತದೆ. ಅಡಿಕೆ ಸಸಿ ನೆಟ್ಟವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಐದಾರು ವರ್ಷ ಕಾಯುತ್ತೇವೆ, ಸುಮ್ಮನೆ ಕೂತು ಕಾಯುವುದಿಲ್ಲ. ಸೊಪ್ಪು ಗೊಬ್ಬರ ಹಾಕಿ, ಬೇಸಿಗೆಯಲ್ಲಿ ನೀರು ಬಿಟ್ಟು, ಎಳೆ ಗಿಡಕ್ಕೆ ಬಿಸಿಲು ಬಡಿಯದಂತೆ ಮರೆ ಕಟ್ಟಿ ಕಾಯುತ್ತೇವೆ.

ಇನ್ನು ದಿನದ ಕ್ರಮ. ಈಗಿನ ನಿಮ್ಮ ಸ್ಥಿತಿಗೆ ಹದಿನೈದು ನಿಮಿಷಕ್ಕಿಂತ ಹೆಚ್ಚಿನದನ್ನು ಕಟ್ಟಿಕೊಳ್ಳಬೇಡಿ.

ಬೆಳಿಗ್ಗೆ ಸ್ನಾನವಾದ ಮೇಲೆ ದೀಪ ಹಚ್ಚಿ, ಒಂದು ಹೂವೋ ಎರಡು ದಳ ತುಳಸಿಯೋ ಏರಿಸಿ. ಹೂ ಕೊಯ್ಯಲು ಹೊತ್ತಿಲ್ಲದಿದ್ದರೆ ಒಂದು ಉದ್ಧರಣೆ ನೀರು ಸಾಕು. ಎಲೆ, ಹೂ, ಹಣ್ಣು, ನೀರು ಎಂಬ ಗೀತೆ 9.26ರ ಪಟ್ಟಿಯಲ್ಲಿ ಕೊನೆಯದು ನೀರೇ. ಆಮೇಲೆ ನಿಮಗೆ ರೂಢಿಯಿರುವ ಒಂದು ನಾಮವನ್ನು 108 ಸಲ ಹೇಳಿ. ಚಿಕ್ಕ ನಾಮವಾದರೆ ಐದಾರು ನಿಮಿಷದ ಕೆಲಸ. ಮಾನಸ ಜಪ ಶ್ರೇಷ್ಠ ಎಂದು ಓದಿ ಕಣ್ಣು ಮುಚ್ಚಿ ಮನಸ್ಸಿನಲ್ಲೇ ಹೇಳಲು ಹೋಗಬೇಡಿ, ಕದಡಿದ ಮನಸ್ಸಿಗೆ ಅದು ಆಗುವುದಿಲ್ಲ. ಹತ್ತನೇ ಮಣಿಗೆ ಸಾಲ ನೆನಪಾಗುತ್ತದೆ, ಇಪ್ಪತ್ತಕ್ಕೆ ಹಾಲಿನ ಲೆಕ್ಕ. ನಿಮ್ಮ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ, ಮನಸ್ಸು ಓಡಿದರೂ ಬಾಯಿ, ಕಿವಿ, ಬೆರಳು ಮೂರೂ ಅಲ್ಲೇ ಇರುತ್ತವೆ. ಸ್ವರ ತಾನಾಗಿ ತಗ್ಗಿದರೆ ತಗ್ಗಲಿ. ಓಡಿದ ಮನಸ್ಸಿಗೆ ಬೈಯಬೇಡಿ. ‘ಎಲ್ಲೆಲ್ಲಿ ಓಡುತ್ತದೋ ಅಲ್ಲಲ್ಲಿಂದ ಹಿಡಿದು ತರಬೇಕು’ ಎಂದು ಗೀತೆ (6.26) ಹೇಳುವಾಗಲೇ ಓಡುತ್ತದೆ ಎಂದು ಒಪ್ಪಿಕೊಂಡ ಹಾಗಾಯಿತು.

ಹೆಚ್ಚಿನವರು ತಪ್ಪುವುದು ಇಲ್ಲೇ. ಮೊದಲ ವಾರ ಸ್ವಲ್ಪ ಸಮಾಧಾನ ಕಂಡ ಕೂಡಲೇ 108ನ್ನು ಸಾವಿರದೆಂಟಕ್ಕೆ ಏರಿಸುತ್ತಾರೆ, ಜತೆಗೆ ಸಹಸ್ರನಾಮ, ಶುಕ್ರವಾರದ ಉಪವಾಸ. ಮೂರನೇ ವಾರ ರೋಗಿಗೆ ಜ್ವರ ಬಂದು ಎಲ್ಲ ತಪ್ಪುತ್ತದೆ. ತಪ್ಪಿದ್ದಕ್ಕೆ ಹೆದರಿಕೆ, ಹೆದರಿಕೆಯಿಂದ ದೇವರ ಕೋಣೆಗೇ ಹೋಗದಿರುವುದು. ನಲವತ್ತೆಂಟು ದಿನ ಏರಿಸಲೂ ಬೇಡಿ, ಇಳಿಸಲೂ ಬೇಡಿ. ಒಂದು ದಿನ ತಪ್ಪಿದರೆ ಮರುದಿನ 108ರಿಂದಲೇ ಶುರು, ಬಾಕಿ ಸೇರಿಸಿ 216 ಮಾಡುವ ಲೆಕ್ಕ ಬೇಡ, ಸಾಲದ ಬಡ್ಡಿಯ ಲೆಕ್ಕ ಒಂದೇ ಸಾಕು.

ಜಪ ಮುಗಿದ ಮೇಲೆ ಅರ್ಪಣೆ. ಉದ್ಧರಣೆಯಲ್ಲಿ ನೀರು ತೆಗೆದುಕೊಳ್ಳಿ. ಆ ದಿನದ ಒಂದೇ ಒಂದು ಚಿಂತೆಯನ್ನು ಮನೆಮಾತಿನಲ್ಲಿ ಹೆಸರು ಹಿಡಿದು ಹೇಳಿ: ‘ಇವರ ಕೈ ಎಷ್ಟು ತಿರುಗುತ್ತದೆ ಎಂಬುದು ನನ್ನ ಕೈಯಲ್ಲಿಲ್ಲ. ವ್ಯಾಯಾಮ ಮಾಡಿಸುವುದು ನನ್ನ ಕೆಲಸ, ಮಾಡಿಸುತ್ತೇನೆ. ಉಳಿದದ್ದು ನಿನಗೆ’. ಹೇಳಿ ಕೃಷ್ಣಾರ್ಪಣ ಎಂದು ಹರಿವಾಣಕ್ಕೆ ನೀರು ಬಿಡಿ. ‘ಎಲ್ಲ ನಿನ್ನದೇ’ ಎಂಬ ದೊಡ್ಡ ಮಾತಿಗಿಂತ ಹೀಗೆ ಒಂದು ಚಿಂತೆಯನ್ನು ಎರಡು ಪಾಲು ಮಾಡಿ ಒಂದು ಪಾಲು ಬಿಡುವುದು ಕೆಲಸ ಮಾಡುತ್ತದೆ. ಗಂಟೆಯೊಳಗೆ ಆ ಚಿಂತೆ ತಿರುಗಿ ಬರುತ್ತದೆ, ಬಂದೇ ಬರುತ್ತದೆ. ಆಗ ‘ಬೆಳಿಗ್ಗೆ ಬಿಟ್ಟಾಗಿದೆ’ ಎಂದಷ್ಟೇ ಅಂದುಕೊಂಡು ಕೈಯಲ್ಲಿದ್ದ ಕೆಲಸಕ್ಕೆ ಮರಳಿ.

ಸಂಜೆಗೆ ಒಂದು ನೋಟುಬುಕ್ಕು. ಎಡಗಡೆ ‘ಮಾಡುವುದು’, ಬಲಗಡೆ ‘ಬಿಟ್ಟದ್ದು’. ಎಡಗಡೆ ನಾಳೆ ಮಾಡಲಿಕ್ಕಾಗುವ ಮೂರೇ ಕೆಲಸ. ‘ಸಾಲ ತೀರಿಸುವುದು’ ಎಂದು ಬರೆಯಬೇಡಿ, ‘ಸೊಸೈಟಿ ಕಾರ್ಯದರ್ಶಿಗೆ ಫೋನ್’ ಎಂದು ಬರೆಯಿರಿ. ಕಂತಿನ ಗಡುವು ದಾಟುವ ಮೊದಲೇ ಹೋಗಿ ಅವಧಿ ಮುಂದೂಡಲು ಬರವಣಿಗೆಯಲ್ಲಿ ಕೇಳಿದರೆ ದಾರಿಯಿರುತ್ತದೆ, ಸುಸ್ತಿಯಾದ ಮೇಲೆ ಕಡಿಮೆ. ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿದ್ದಿರಾ ನೋಡಿ, ಅಡಿಕೆಗೆ ರೈತರ ಪಾಲು ವಿಮಾ ಮೊತ್ತದ ಶೇ. 5. ಅದರಲ್ಲಿ ನಿಮ್ಮ ತೋಟದಲ್ಲಿ ಎಷ್ಟು ಉದುರಿತೆಂದು ಯಾರೂ ಎಣಿಸುವುದಿಲ್ಲ, ಪಂಚಾಯ್ತಿಯ ಮಳೆಮಾಪಕದ ಅಂಕಿಯ ಮೇಲೆ ಪರಿಹಾರ ನಿಂತಿದೆ. ಮಳೆ ಹೊಯ್ದಿತೋ ಇಲ್ಲವೋ ಎಂಬ ಐದನೆಯ ಕಾರಣಕ್ಕೇ ಮಾಡಿದ ವ್ಯವಸ್ಥೆ ಅದು. ‘ಯೋಗಕ್ಷೇಮಂ ವಹಾಮ್ಯಹಂ’ ಎಂಬ ಗೀತೆಯ ಮಾತು ಎಲ್‌ಐಸಿ ಲಾಂಛನದಲ್ಲೂ ಇದೆ. ಆದರೂ ಕಂತು ಕಟ್ಟಿದವರಿಗಷ್ಟೇ ಪಾಲಿಸಿ.

ಬಲಗಡೆ, ಆ ದಿನ ಅರ್ಪಿಸಿದ ಚಿಂತೆ. ಏಕಾದಶಿಗೊಮ್ಮೆ ಹಿಂದಿನ ಪುಟ ತಿರುವಿ. ಬಲಗಡೆಯ ಯಾವುದಾದರೂ ನಿಮ್ಮಿಂದ ಆಗುವ ಕೆಲಸವಾಗಿ ಕಂಡರೆ ಎಡಕ್ಕೆ ತನ್ನಿ, ಎಡಗಡೆ ಹದಿನೈದು ದಿನ ಒದ್ದಾಡಿಯೂ ಆಗದ್ದನ್ನು ಬಲಕ್ಕೆ ಕಳಿಸಿ.

ರಾತ್ರಿ ಎರಡೂವರೆಗೆ ಎಚ್ಚರವಾಗಿ ಮಾಡು ನೋಡುತ್ತ ಮಲಗುವ ಹೊತ್ತು ಬಹಳ ಕೆಟ್ಟದ್ದು. ಆ ಹೊತ್ತಿನಲ್ಲಿ ಹಾಕಿದ ಲೆಕ್ಕ ಯಾವುದೂ ಸರಿಯಿರುವುದಿಲ್ಲ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಎದ್ದು ನೀರು ಕುಡಿದು, ನೋಟುಬುಕ್ಕಿನಲ್ಲಿ ಒಂದು ಸಾಲು ಬರೆದಿಟ್ಟು, ಗೊತ್ತಿರುವ ಒಂದು ಭಜನೆಯನ್ನು ಸಣ್ಣ ದನಿಯಲ್ಲಿ ಹೇಳುತ್ತ ಕೂತು, ಕಣ್ಣು ಎಳೆದಾಗ ಹೋಗಿ ಮಲಗಿ.

ಯಜಮಾನರ ಮಾತ್ರೆಯ ಬಗ್ಗೆ ಚರ್ಚೆಯೇ ಬೇಡ. ಲಕ್ವ ಒಮ್ಮೆ ಹೊಡೆದವರಿಗೆ ಮತ್ತೆ ಹೊಡೆಯುವ ಸಂಭವ ಹೆಚ್ಚು. ರಕ್ತದೊತ್ತಡದ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಎರಡನ್ನೂ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು. ಬೇರೆ ಔಷಧಿ ಕೊಡಿಸುವುದಾದರೂ ಅವರಿಗೆ ಹೇಳಿಯೇ. ಕರಾವಳಿಯ ಕಡೆ ದೇವರ ಮುಂದೆ ಹೂವಿನ ಪ್ರಸಾದ ಕೇಳುವ ಪದ್ಧತಿಯಿದೆ, ‘ಮಾತ್ರೆ ಬಿಡಲೇ’ ಎಂಬುದು ಪ್ರಸಾದಕ್ಕಿಡುವ ಪ್ರಶ್ನೆಯಲ್ಲ. ಬಾಯಿ ಸೊಟ್ಟಗಾದರೆ, ಕೈ ಎತ್ತಿ ಹಿಡಿಯಲಾಗದಿದ್ದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪಿನಿಂದಾದ ಲಕ್ವಕ್ಕೆ ಅದನ್ನು ಕರಗಿಸುವ ಚುಚ್ಚುಮದ್ದು ನಾಲ್ಕೂವರೆ ಗಂಟೆಯೊಳಗೆ ಆಗಬೇಕು. ಸಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ., ಘಟ್ಟ ಇಳಿದರೂ ಹತ್ತಿರವೇನಲ್ಲ. ಸ್ಕ್ಯಾನಿಂಗ್ ಮತ್ತು ಆ ಚುಚ್ಚುಮದ್ದು ಎರಡೂ ಇರುವ ಆಸ್ಪತ್ರೆ ಯಾವುದೆಂದು ಈಗಲೇ ವಿಚಾರಿಸಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ವ್ಯಾಯಾಮದಿಂದ ಸಿಗುವ ಸುಧಾರಣೆ ಮೊದಲ ತಿಂಗಳುಗಳಲ್ಲೇ ಹೆಚ್ಚು. ಈಗಾಗಲೇ ನಾಲ್ಕು ಹೆಜ್ಜೆ ಹಾಕುತ್ತಾರೆಂದರೆ ನಿಲ್ಲಿಸಬೇಡಿ.

ನಿಮ್ಮದೂ ಒಂದು ತಪಾಸಣೆ ಆಗಲಿ. ಏನೂ ಅನಿಸದಿರುವುದು ದೇವರ ಕೋಣೆಗಷ್ಟೇ ಸೀಮಿತವೋ, ಊಟ, ಮಕ್ಕಳ ಮಾತು, ಹಬ್ಬ ಎಲ್ಲದರಲ್ಲೂ ಹಾಗೆಯೋ? ಎಲ್ಲದರಲ್ಲೂ ಹಾಗಿದ್ದು, ನಿದ್ದೆ ಕೆಟ್ಟು, ಎರಡು ವಾರ ದಾಟಿದ್ದರೆ ಅದು ಖಿನ್ನತೆ ಇರಬಹುದು, ಭಕ್ತಿಯ ಪ್ರಶ್ನೆಯೇ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ. ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ: ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಇದ್ದು ಏನು ಪ್ರಯೋಜನ ಎಂಬ ಯೋಚನೆ ಒಮ್ಮೆ ಸುಳಿದಿದ್ದರೂ ನಾಳೆಗೆ ಇಡದೆ ಇವತ್ತೇ ಆ ಫೋನ್ ಮಾಡಿ, ಮನೆಯ ಒಬ್ಬರಿಗೂ ಹೇಳಿ.

ನೆರವು ಕೇಳುವುದೂ ಶರಣಾಗತಿಯೇ. ಅದರ ಆರು ಅಂಗಗಳಲ್ಲಿ ಒಂದು ‘ಕಾರ್ಪಣ್ಯ’, ನನ್ನಿಂದಾಗದು ಎಂದು ಬಾಯಿಬಿಟ್ಟು ಒಪ್ಪಿಕೊಳ್ಳುವುದು. ನಮ್ಮ ಕಡೆಯ ಮನೆಗಳಲ್ಲಿ ದೇವರ ಮುಂದೆ ಅದು ಸುಲಭ, ನೆಂಟರ ಮುಂದೆ ಗಂಟಲಲ್ಲೇ ನಿಲ್ಲುತ್ತದೆ. ‘ಏನಾದರೂ ಬೇಕಾದರೆ ಹೇಳಿ’ ಎಂದವರಿಗೆ ನಿರ್ದಿಷ್ಟವಾಗಿ ಹೇಳಿ: ಮದ್ದು ಹೊಡೆಸುವ ಎರಡು ದಿನ ತೋಟದಲ್ಲಿ ನಿಲ್ಲಿ, ಬುಧವಾರ ಮಧ್ಯಾಹ್ನ ಇವರ ಹತ್ತಿರ ಎರಡು ತಾಸು ಕೂತಿರಿ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಕೂಡಿಸುವ ಮುಯ್ಯಾಳಿನ ಪದ್ಧತಿ ಇದ್ದ ಊರುಗಳಿವು, ತಿರುಗಿ ಮಾಡುವ ದಿನ ನಿಮಗೂ ಬರುತ್ತದೆ.

65 ಸಾವಿರದ ಶಾಂತಿಗೆ ನೇರ ಉತ್ತರ: ಸಾಲ ಮಾಡಿ ಮಾಡಿಸಬೇಡಿ. ಸಂಕಲ್ಪ ಹೇಳಿಸುವಾಗ ಪುರೋಹಿತರು ‘ಸಂಭವದ್ಭಿಃ ದ್ರವ್ಯೈಃ, ಸಂಭವದ್ಭಿಃ ಉಪಚಾರೈಃ’ ಎನ್ನುತ್ತಾರೆ, ಒದಗಿದ ದ್ರವ್ಯದಿಂದ, ಆಗುವಷ್ಟು ಉಪಚಾರದಿಂದ. ‘ಯಥಾಶಕ್ತಿ’ ಎಂಬ ಮಾತೂ ಅಲ್ಲೇ ಇದೆ. ಶಕ್ತಿ ಮೀರಿ ಮಾಡಿಸಿ ಯಥಾಶಕ್ತಿ ಎಂದರೆ ಸಂಕಲ್ಪವೇ ಸುಳ್ಳಾಯಿತು. ಮನಸ್ಸಿಗೆ ಅಳುಕು ಉಳಿಯುತ್ತದೆ ಅನಿಸಿದರೆ ಮನೆಯ ಪುರೋಹಿತರನ್ನೇ ಕರೆದು ನಾಗನ ಕಲ್ಲಿಗೆ ಹಾಲು, ಸೀಯಾಳದ ಅಭಿಷೇಕ ಮಾಡಿಸಿ, ದಕ್ಷಿಣೆ ಕೈಯಲ್ಲಿದ್ದಷ್ಟು. ‘ಇಂತಿಷ್ಟು ದಿನದೊಳಗೆ ಮಾಡಿಸದಿದ್ದರೆ ಇನ್ನೊಂದು ಕೇಡು’ ಎಂದು ಗಡುವು ಹಾಕುವವರ ಮನೆಗೆ ಎರಡನೇ ಸಲ ಹೋಗಬೇಡಿ.

ಉಳಿದದ್ದು ಹರಕೆ. ನೀವು ಹೊತ್ತದ್ದು ನಿಜ, ನಾಲ್ಕು ಹೆಜ್ಜೆ ಹಾಕಿದ್ದೂ ನಿಜ, ತೀರಿಸಲೇಬೇಕು ಅನಿಸುವುದು ಸಹಜ. ತೀರಿಸಿ, ಆದರೆ ಕೈಕಡ ತಂದಲ್ಲ. ದೇವಿಯ ಹೆಸರು ಹೇಳಿ ಹಳದಿ ಬಟ್ಟೆಯಲ್ಲಿ ಒಂದು ರೂಪಾಯಿ ಮುಡಿಪು ಕಟ್ಟಿ ದೇವರ ಕೋಣೆಯಲ್ಲಿಡಿ, ಪ್ರತಿ ಸಲ ಹಾಲಿನ ದುಡ್ಡು ಬಂದಾಗ ಹತ್ತಿಪ್ಪತ್ತು ಸೇರಿಸುತ್ತ ಹೋಗಿ. ಬೆಳ್ಳಿಯ ಕಾಲಿಗೆ ಇಂತಿಷ್ಟು ತೂಕ ಎಂದು ನೀವು ಹೇಳಿಕೊಂಡಿಲ್ಲದಿದ್ದರೆ ತೆಳು ತಗಡಿನದೂ ಬೆಳ್ಳಿಯೇ. ಸಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆ ನೂಕಿನಲ್ಲಿ ಅವರನ್ನು ಕರೆದೊಯ್ಯಬೇಡಿ. ಜಾತ್ರೆಯಿಲ್ಲದ ಒಂದು ಸಾದಾ ದಿನ, ಬೆಳಿಗ್ಗೆ ಜನ ಸೇರುವ ಮೊದಲು, ಸದ್ಯಕ್ಕೆ ಒಂದು ಉಡಿ ತುಂಬಿಸಿಕೊಂಡು ಬನ್ನಿ. ಮೆಟ್ಟಿಲಿನ ಹತ್ತಿರ ಎಡಗಡೆಗೆ ನಿಲ್ಲಿಸಿ ಹತ್ತಿಸಿ, ಅವರ ಸ್ವಾಧೀನವಿರುವ ಕೈಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಏರುವಾಗ ಎಡಗಾಲು ಮೊದಲು, ಇಳಿಯುವಾಗ ಬಲಗಾಲು.